ಕಲ್ಲೋ ಹಲಗೆಯೋ

ಜನವರಿ ೧೧, ಭಾನುವಾರ

ಹೆಂಡತಿಗೆ ಆಪರೇಷನ್ ಆಗಿ ಇವತ್ತಿಗೆ ಐದು ವಾರ. ಬೆಳಿಗ್ಗೆ ಹತ್ತಿರ ಹೋಗಿ, "ಏನಾದ್ರೂ ಬೇಕೇನೇ?" ಎಂದು ಕೇಳಿದೆ. ಹಾಲೋ ಟೀಯೋ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅವಳು ಚಾವಣಿಯಿಂದ ಕಣ್ಣು ಕೀಳದೆ, "ಒಂದು ಪೂಲ್ ಟೇಬಲ್ ಬೇಕು ಕಣ್ರೀ" ಎಂದಳು.

"ಈಜೋ ಪೂಲಾ?"

"ಟೇಬಲ್ ಅಂದೆ. ಈಜೋ ಟೇಬಲ್ ಎಲ್ಲಾದ್ರೂ ಇದ್ಯಾ? ಹಸಿರು ಬಟ್ಟೆ ಹೊದಿಸಿರುತ್ತೆ, ಕೋಲಲ್ಲಿ ಚೆಂಡು ಹೊಡೀತಾರೆ, ಅದು."

ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ಕೂತವಳು. ಏನು ಹೇಳಿದರೂ ಗಾಜಿನಾಚೆ ಇರುವವರಿಗೆ ಹೇಳಿದಂತೆ, ಜೋರಾಗಿ, ಒಂದೇ ಸಲ. ಮತ್ತೆ ಕೇಳಿದರೆ ಮುಂದಿನವರನ್ನು ಕರೆಯುತ್ತಾಳೆ. ಔಷಧಿ ತಲೆಗೇರಿರಬೇಕು ಎಂದುಕೊಂಡು ಸುಮ್ಮನಾದೆ.

ಆದರೂ ಹಾಲ್ ಅಳೆದೆ. ಆಗುವುದಿಲ್ಲ ಎಂದು ತೋರಿಸಲೆಂದೇ ಅಳೆದೆ. ಹದಿನೇಳು ಅಡಿ ಉದ್ದ, ಹದಿಮೂರು ಅಡಿ ಅಗಲ. ಇರುವುದರಲ್ಲಿ ಚಿಕ್ಕದೆಂದರೆ ಏಳು ಅಡಿಯ ಟೇಬಲ್ಲಂತೆ. ಸುತ್ತಲೂ ಕೋಲಾಡಿಸುವಷ್ಟು ಜಾಗ ಬಿಟ್ಟರೆ ಅಗಲದಲ್ಲಿ ಒಂದಿಂಚು ಮಿಕ್ಕುತ್ತದೆ. ಆದರೆ ಗಾಜಿನ ಬೀರು ಇದೆ, ಊಟದ ಮೇಜಿದೆ, ಸೋಫಾ ಇದೆ. ಹೋಗಿ ಹೇಳಿದೆ.

"ಹಾಗಾದ್ರೆ ಅವನ್ನ ತೆಗೀರಿ" ಎಂದಳು.

ನನ್ನದು ಲಿಫ್ಟ್ ತಪಾಸಣೆಯ ಕೆಲಸ. ಯಾವ ಲಿಫ್ಟ್ ಎಷ್ಟು ಜನರನ್ನು, ಎಷ್ಟು ಕಿಲೋ ಭಾರವನ್ನು ಹೊರುತ್ತದೆ ಎಂದು ಬರೆದು ಸಹಿ ಹಾಕುವವನು ನಾನು. ರಜೆ ಹಾಕಿದ ಮೇಲೆ ಬರೆಯುವ ಚಟ ಮಾತ್ರ ಹೋಗಲಿಲ್ಲ. ಅದಕ್ಕೇ ಈ ಪುಸ್ತಕ.

ಜನವರಿ ೧೪, ಬುಧವಾರ

ನಾದಿನಿ ಬಂದಿದ್ದಳು. ಅಡುಗೆಮನೆಯಲ್ಲಿ ಟೇಬಲ್ಲಿನ ವಿಷಯ ತೆಗೆದು, "ನಿನ್ನ ಅಕ್ಕನಿಗೆ ಏನೋ ಆಗಿದೆ" ಎಂದೆ. ಅವಳು ಲೋಟ ತೊಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಭಾವ, ನಿಮಗೆ ಗೊತ್ತಿಲ್ವಾ? ಅಪ್ಪ ರೈಲ್ವೆಯವರ ಕ್ಲಬ್ ನೋಡ್ಕೊಳ್ತಿದ್ರಲ್ಲ, ಅಲ್ಲೊಂದು ಟೇಬಲ್ ಇತ್ತು. ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಅಕ್ಕ ಕಸ ಗುಡಿಸೋಕೆ ಅಂತ ಹೋಗೋಳು. ಗುಡಿಸ್ತಿದ್ದಿದ್ದು ನಾನು. ಅವಳು ಆಡ್ತಿದ್ಲು. ಆಮೇಲಾಮೇಲೆ ಕ್ಲಬ್ಬಿನ ಗಂಡಸರೂ ಅವಳ ಹತ್ರ ಸೋಲ್ತಿದ್ರು. ನಿಮ್ಮ ಮನೆಯಿಂದ ನೋಡೋಕೆ ಬರೋ ಹಿಂದಿನ ದಿನ ಅಮ್ಮ ಕೋಲನ್ನ ಅಟ್ಟಕ್ಕೆ ಹಾಕಿದ್ರು."

ಇಪ್ಪತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದೇವೆ. ಅವಳ ಚಪ್ಪಲಿಯ ಸಂಖ್ಯೆ ಗೊತ್ತು, ಯಾವ ಹಲ್ಲಿಗೆ ಸಿಮೆಂಟ್ ತುಂಬಿಸಿದ್ದಾಳೆ ಎಂಬುದೂ ಗೊತ್ತು. ಇದು ಗೊತ್ತಿರಲಿಲ್ಲ. ನಾದಿನಿ ಹೋದ ಮೇಲೆ, "ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಹೇಳಿದ್ದೆ. ಮದುವೆಯಾದ ವರ್ಷವೇ ಹೇಳಿದ್ದೆ. ನೀವು 'ಹೌದಾ' ಅಂದು ರೇಡಿಯೋ ಬಿಚ್ಚುತ್ತಾ ಕೂತ್ರಿ."

ರೇಡಿಯೋ ನೆನಪಿದೆ. ಅವಳು ಹೇಳಿದ್ದು ನೆನಪಿಲ್ಲ.

ಜನವರಿ ೨೩, ಶುಕ್ರವಾರ

ಎರಡನೆಯ ಸಲ ಕೀಮೋ ಔಷಧಿ ಏರಿಸಿದರು. ಬೆಳಿಗ್ಗೆ ಒಂಬತ್ತರಿಂದ ಮೂರೂವರೆ. ಮನೆಗೆ ಬಂದು ನಾಲ್ಕು ಸಲ ವಾಂತಿ. ಬ್ರೆಡ್ ಸೇರಲಿಲ್ಲ. ಗಾಯ ನೋಡಿಕೊಳ್ಳುವ ನರ್ಸ್ ಬಂದು ಹೋದಳು. ಆ ಹೊತ್ತಿನಲ್ಲಿ ನಾನು ಎಂದಿನಂತೆ ಬಾಲ್ಕನಿಯಲ್ಲಿ ನಿಂತಿದ್ದೆ. ಅವಳಿಗೆ ನಿದ್ದೆ ಕೆಡಬಾರದೆಂದು ಇವತ್ತೂ ಹಾಲ್‌ನ ಸೋಫಾದ ಮೇಲೆಯೇ ಮಲಗುತ್ತೇನೆ.

ಫೆಬ್ರವರಿ ೧, ಭಾನುವಾರ

ಟೇಬಲ್ ಅಂಗಡಿಗೆ ಹೋಗಿದ್ದೆ. ಸುಮ್ಮನೆ ನೋಡಿ ಬರೋಣ ಎಂದು. ಮೋಟಾರ್ ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ಉದ್ದನೆಯ ಗೋದಾಮು. ನಡೆಸುವವಳು ದಪ್ಪ ಕನ್ನಡಕದ ಹೆಂಗಸು, ಕಿವಿಯ ಹಿಂದೆ ಪೆನ್ಸಿಲ್.

ಮೂರು ಬಗೆ ತೋರಿಸಿದಳು. ಒಂದಕ್ಕೆ ಬಟ್ಟೆಯ ಅಡಿ ಹಲಗೆ. ಹಗುರ, ಇಬ್ಬರು ಎತ್ತಬಹುದು. ಇನ್ನೊಂದಕ್ಕೂ ಹಲಗೆಯೇ, ಆದರೆ ಮೇಲೆ ಮುಚ್ಚಳ ಹಾಕಿದರೆ ಊಟದ ಮೇಜಾಗುತ್ತದೆ. ಅದು ನನಗೆ ಬಹಳ ಹಿಡಿಸಿತು. ಮೂರನೆಯದಕ್ಕೆ ಬಟ್ಟೆಯ ಕೆಳಗೆ ಒಂದಿಂಚು ದಪ್ಪದ ಕಲ್ಲು. ಒಟ್ಟು ಭಾರ ಮುನ್ನೂರೈವತ್ತು ಕಿಲೋಗೆ ಹತ್ತಿರ.

"ಇವೆಲ್ಲದರಲ್ಲಿ ವ್ಯತ್ಯಾಸ ಏನು?"

"ಹಲಗೆ ಮೂರ್ನಾಲ್ಕು ವರ್ಷ ನೆಟ್ಟಗಿರುತ್ತೆ ಸಾರ್. ಆಮೇಲೆ ತೇವ ಕುಡಿದು ಡೊಂಕಾಗುತ್ತೆ, ಚೆಂಡು ತನಗಿಷ್ಟ ಬಂದ ಕಡೆ ಹೋಗುತ್ತೆ. ಕಲ್ಲಿಗೆ ಆ ರೋಗ ಇಲ್ಲ. ಬಟ್ಟೆ ಬದಲಾಯಿಸ್ತಾ ಹೋದ್ರೆ ನಿಮ್ಮ ನಂತರದವರೂ ಆಡ್ತಾರೆ." ಪೆನ್ಸಿಲ್ ಕೈಗೆ ತೆಗೆದುಕೊಂಡಳು. "ಎಷ್ಟು ವರ್ಷ ಆಡೋ ಅಂದಾಜಿದೆ ಹೇಳಿ, ಅದಕ್ಕೆ ತಕ್ಕ ಹಾಗೆ ನೋಡೋಣ."

ಅವಳು ಬೇರೆ ಯಾವ ಗಿರಾಕಿಯನ್ನಾದರೂ ಕೇಳುವಂತೆಯೇ ಕೇಳಿದಳು. ಫೋನ್ ಬಂದವನಂತೆ ನಟಿಸಿ ಹೊರಗೆ ಬಂದೆ. ಎದುರಿನ ಗ್ಯಾರೇಜಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಮತ್ತೆ ಒಳಗೆ ಹೋಗದೆ ಮನೆಗೆ ಬಂದುಬಿಟ್ಟೆ.

ಫೆಬ್ರವರಿ ೪, ಬುಧವಾರ

ಅವಳಿಗೆ ಹೇಳದೆ ಡಾಕ್ಟರರ ಬಳಿ ಹೋದೆ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎದುರು ಕೂತಾಗ ಹೊರಬಿದ್ದದ್ದು ಇದು: "ಡಾಕ್ಟ್ರೇ, ಕಲ್ಲಿನ ಟೇಬಲ್ ತಗೊಳ್ಳಲಾ, ಹಲಗೆಯದು ಸಾಕಾ?"

ಆಕೆ ಫೈಲು ಮುಚ್ಚಿದರು. ನಾನು ಅಂಗಡಿಯ ಕಥೆ ಹೇಳಿದೆ. ನನ್ನ ಕೆಲಸದ ಬಗ್ಗೆಯೂ ಹೇಳಿದೆ. ಲಿಫ್ಟಿನ ತಂತಿಹಗ್ಗ ನೋಡಿ ಇನ್ನೆಷ್ಟು ದಿನ ಬಾಳುತ್ತದೆಂದು ನಾನು ಹೇಳಬಲ್ಲೆ, ಹಾಗೆ ನೀವೂ ಒಂದು ಅಂಕಿ ಹೇಳಿ ಎಂದೆ.

"ನೂರು ಜನರಲ್ಲಿ ಇಷ್ಟು ಜನ ಅಂತ ಹೇಳಬಲ್ಲೆ. ಒಳ್ಳೆ ಅಂಕಿನೇ ಅದು. ಆದ್ರೆ ಆ ನೂರರಲ್ಲಿ ನಿಮ್ಮವರು ಎಲ್ಲಿ ನಿಂತಿದ್ದಾರೆ ಅಂತ ನನಗೆ ಗೊತ್ತಾಗಲ್ಲ" ಎಂದರು. ಆಮೇಲೆ, "ಆಡೋದು ಯಾರು? ಅವರನ್ನ ಕೇಳಿದ್ರಾ?"

ಕೇಳಿರಲಿಲ್ಲ.

ಫೆಬ್ರವರಿ ೧೫, ಭಾನುವಾರ

ಮೂರನೆಯ ಸಲದ ಔಷಧಿಯ ಸುಸ್ತು ಇಳಿಯುತ್ತಾ ಬಂದಿದೆ ಎಂದುಕೊಂಡು ಬೆಳಿಗ್ಗೆ ವಿಷಯ ತೆಗೆದೆ. ಅವಳ ತಲೆಯ ಕೂದಲು ಮುಕ್ಕಾಲು ಹೋಗಿದೆ. ಕಿಟಕಿಯ ಬಳಿ ಕೂತು ದಿಂಬಿನ ಮೇಲಿನ ಕೂದಲನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು.

ಊಟದ ಮೇಜೂ ಆಗುವ ಟೇಬಲ್ ಒಂದು ನೋಡಿದ್ದೇನೆ, ಜಾಗ ಉಳಿಯುತ್ತದೆ ಎಂದೆ.

"ಕಲ್ಲಿಂದಾ?"

"ಇಲ್ಲ, ಹಲಗೆ. ಹಗುರವಾಗಿರುತ್ತೆ."

"ಊಟದ ತಟ್ಟೆ ಇಟ್ಟ ಕಡೆ ಆಟ ಆಡೋಕಾಗಲ್ಲ ರೀ. ಹಲಗೆ ಮೇಲಂತೂ ಮಕ್ಕಳೂ ಆಡಲ್ಲ."

"ಮೂರ್ನಾಲ್ಕು ವರ್ಷ ಏನೂ ಆಗಲ್ವಂತೆ" ಎಂದೆ. ಎಂದವನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು.

ಅವಳು ಕೈಯಲ್ಲಿದ್ದ ಕೂದಲನ್ನು ಸಣ್ಣ ಉಂಡೆ ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಅಷ್ಟು ಸಾಕು ಅಂತ ಲೆಕ್ಕ ಹಾಕಿದ್ರಾ?"

ಅವಳ ದನಿ ಕಿಂಡಿಯ ಹಿಂದಿನ ದನಿಯಾಗಿರಲಿಲ್ಲ. ಮೆಲ್ಲಗಿತ್ತು. ಇಲ್ಲ ಎನ್ನಬೇಕಿತ್ತು. ನಾನು ನೆಲ ನೋಡುತ್ತಾ ನಿಂತೆ.

"ನಾನು ಇರೋ ತನಕ ನನ್ನ ಎದುರಿಗೆ ಹೀಗೆ ಅಳತೆ ಹಿಡ್ಕೊಂಡು ಓಡಾಡಬೇಡಿ" ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಫೆಬ್ರವರಿ ೧೬, ಸೋಮವಾರ

ಮಾತಿಲ್ಲ. ಟೀ ತಣ್ಣಗಾಯಿತು.

ಫೆಬ್ರವರಿ ೧೮, ಬುಧವಾರ

ಇವತ್ತು, "ಉಪ್ಪು ಹೆಚ್ಚಾಗಿದೆ" ಎಂದಳು. ಅಷ್ಟಕ್ಕೇ ನನಗೆ ಎಷ್ಟು ಸಮಾಧಾನವಾಯಿತೆಂದರೆ ಸಂಜೆಯೂ ಉಪ್ಪು ಹೆಚ್ಚೇ ಹಾಕಿಬಿಟ್ಟೆ.

ಫೆಬ್ರವರಿ ೨೨, ಭಾನುವಾರ

ಅವಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ತಲೆಗೆ ನೀಲಿ ಸ್ಕಾರ್ಫ್ ಕಟ್ಟಿದ್ದಳು. ಇಳಿದವಳು ನನ್ನ ತೋಳು ಹಿಡಿದು ಬಾಗಿಲ ತನಕ ಬಂದಳು, ಆಮೇಲೆ ಬಿಟ್ಟಳು.

ನಾನು ಆ ಗೋದಾಮಿನಲ್ಲಿ ನೋಡಿದ್ದು ಕಾಲು, ಅಳತೆ, ಮರ. ಅವಳು ಅದಾವುದನ್ನೂ ನೋಡಲಿಲ್ಲ. ಬಿಳಿ ಚೆಂಡೊಂದನ್ನು ತೆಗೆದು, ಅಂಗೈಯಿಂದ ಮೆಲ್ಲಗೆ ಬಿಟ್ಟು, ಕಿವಿಗೊಟ್ಟು ನಿಂತಳು. ಹಲಗೆಯ ಮೇಲೆ ಚೆಂಡು ಡೋಲಿನ ಸದ್ದು ಮಾಡುತ್ತದೆ. ಕಲ್ಲಿನ ಮೇಲೆ ಸದ್ದೇ ಇಲ್ಲ, ಬಟ್ಟೆಯ ಸರಸರ ಮಾತ್ರ. ಅಂಚಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಂದು ಟೇಬಲ್ಲಿಗೆ, "ಇದರ ರಬ್ಬರು ಸತ್ತಿದೆ" ಎಂದಳು. ಅಂಗಡಿಯವಳು ಬಂದು ತಾನೂ ಒತ್ತಿ ನೋಡಿ, "ಹೌದಲ್ಲಾ ಅಕ್ಕ" ಎಂದಳು. ನನ್ನನ್ನು ಸಾರ್ ಎಂದವಳು ಇವಳನ್ನು ಐದೇ ನಿಮಿಷಕ್ಕೆ ಅಕ್ಕ ಮಾಡಿಕೊಂಡಳು. ಇಬ್ಬರೂ ಬಟ್ಟೆಯ ಉಣ್ಣೆಯ ಬಗ್ಗೆ ಮಾತಿಗಿಳಿದರು. ನಾನು ಕೈಚೀಲ ಹಿಡಿದು ನಿಂತಿದ್ದೆ.

ಮೂಲೆಯಲ್ಲಿ ಏಳು ಅಡಿಯ ಕಲ್ಲಿನದೊಂದಿತ್ತು. ಯಾವ ಕೆತ್ತನೆಯೂ ಇಲ್ಲದ ಗಟ್ಟಿ ಕಾಲುಗಳು. ಅದರ ಸುತ್ತ ಎರಡು ಸುತ್ತು ಬಂದಳು, ಆಮೇಲೆ ನನ್ನ ಕಡೆ ತಿರುಗಿದಳು. "ನೀವೇ ಹೇಳಿ."

ಅವಳಿಗೆ ಆಯಾಸವಾಗಿತ್ತು. ಒಂದು ಕೈ ಟೇಬಲ್ಲಿನ ಅಂಚಿನ ಮೇಲಿತ್ತು, ಮೈಭಾರವೆಲ್ಲ ಅದರ ಮೇಲೆ. ಅಂಗಡಿಯವಳೂ ನನ್ನನ್ನೇ ನೋಡುತ್ತಿದ್ದಳು.

"ನಮ್ಮ ನೆಲ ತಡೆಯುತ್ತೆ" ಎಂದೆ. "ಕಲ್ಲಿಂದೇ ಇರಲಿ."

ಹೊರಡುವಾಗ ಅವಳು ಸ್ಕಾರ್ಫಿನ ತುದಿಯಿಂದ ಮೂಗು ಒರೆಸಿಕೊಂಡು, ಗೋದಾಮಿನಲ್ಲಿ ಧೂಳು ಹೆಚ್ಚು ಎಂದಳು.

ಮಾರ್ಚ್ ೧೪, ಶನಿವಾರ

ಟೇಬಲ್ ಬಂತು. ಊಟದ ಮೇಜು, ಗಾಜಿನ ಬೀರು ನಾದಿನಿಯ ಮನೆಗೆ ಹೋದವು. ಸೋಫಾವನ್ನು ಮೂರನೆಯ ಮಹಡಿಯ ಹೊಸ ದಂಪತಿಗಳು ಖುಷಿಯಿಂದ ಒಯ್ದರು.

ಕಲ್ಲು ಮೂರು ತುಂಡಾಗಿ ಬಂದಿತ್ತು. ನಮ್ಮ ಕಟ್ಟಡದ ಲಿಫ್ಟಿನ ಮಿತಿ ಐದು ಜನ. ಆ ಫಲಕಕ್ಕೆ ಸಹಿ ಹಾಕಿದವನು ನಾನೇ. ಕೂಲಿಯವರು ಮೂರು ತುಂಡನ್ನೂ ಒಟ್ಟಿಗೇ ತುಂಬಿ ತಾವೂ ನುಗ್ಗಲು ಹೊರಟರು. ಬಾಗಿಲಿಗೆ ಅಡ್ಡ ನಿಂತು, ಸಲಕ್ಕೆ ಒಂದು ಕಲ್ಲು, ಇಬ್ಬರು ಮನುಷ್ಯರು ಎಂದೆ. ಗೊಣಗಿಕೊಂಡೇ ಮೂರು ಸಲ ಹತ್ತಿಳಿದರು.

ಜೋಡಿಸುವ ಮೇಸ್ತ್ರಿ ಕಲ್ಲುಗಳ ಸಂದಿಗೆ ಮೇಣ ಕರಗಿಸಿ ಸುರಿದು, ಕೆರೆದು ನಯ ಮಾಡಿದ. ಮಟ್ಟ ನೋಡುವಾಗ ನಾನು ನನ್ನ ಆಫೀಸಿನ ರಸಮಟ್ಟ ತಂದು ಪಕ್ಕದಲ್ಲಿಟ್ಟೆ. ಅವನಿಗೆ ಸಿಟ್ಟು ಬಂತು.

"ನಾನು ಈ ಕೆಲಸ ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ ಸಾರ್."

"ಎಡಗಡೆ ಕೂದಲೆಳೆಯಷ್ಟು ತಗ್ಗಿದೆ" ಎಂದೆ.

ಒಳಗಿನ ಕೋಣೆಯಿಂದ, ಹಾಸಿಗೆ ಬಿಟ್ಟೇಳಲಾರದೆ ಮಲಗಿದ್ದವಳ ದನಿ ಕೇಳಿತು: "ಅವರು ಹೇಳಿದ ಹಾಗೆ ಮಾಡಿಬಿಡಪ್ಪಾ! ಇಲ್ಲಾಂದ್ರೆ ನೀನು ರಾತ್ರಿ ಊಟಕ್ಕೂ ಇಲ್ಲೇ ಇರ್ತೀಯ!"

ಮೇಸ್ತ್ರಿ ನಕ್ಕುಬಿಟ್ಟ. ಟೇಬಲ್ಲಿನ ಎಡಗಾಲಿನ ತಿರುಪನ್ನು ಕಾಲು ಸುತ್ತು ತಿರುಗಿಸಿದ.

ಸೋಫಾ ಇಲ್ಲವಾದ್ದರಿಂದ ಇವತ್ತು ಒಳಗೆ ಮಲಗಬೇಕು.

ಮಾರ್ಚ್ ೨೦, ಶುಕ್ರವಾರ

ಬೆಳಿಗ್ಗೆ ಎದ್ದವಳು ತಾನೇ ಹಾಲ್‌ಗೆ ಬಂದಳು. ಕೋಲಿನ ತುದಿಗೆ ಚಾಕ್ ಉಜ್ಜಿ, ಊದಿ, ಬಾಗಿದಳು. ಬಾಗಿದಾಗ ಹತ್ತೊಂಬತ್ತರ ಹುಡುಗಿಯ ನಿಲುವು ಬಂದಂತಾಯಿತು. ಆ ಹುಡುಗಿಯನ್ನು ನಾನು ನೋಡಿದವನಲ್ಲ, ಆದರೂ ಹಾಗನ್ನಿಸಿತು.

ಕೋಲು ಜಾರಿಸಲು ಎಡಗೈಯನ್ನು ಮುಂದೆ ಚಾಚಿ ಟೇಬಲ್ಲಿನ ಮೇಲೆ ಊರಬೇಕು. ಆಪರೇಷನ್ ಆದದ್ದು ಎಡಗಡೆ. ತೋಳು ಅರ್ಧದಲ್ಲೇ ನಿಂತಿತು. ಮತ್ತೊಮ್ಮೆ ಚಾಚಿದಳು. ಮುಖ ಬಿಳಿಚಿಕೊಂಡಿತು. ಕೋಲನ್ನು ಜೋಪಾನವಾಗಿ ಗೋಡೆಗೆ ಒರಗಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟೇಬಲ್ಲಿನ ಜೊತೆ ಉದ್ದ ಹಿಡಿಯ ಕವೆಗೋಲೊಂದು ಬಂದಿದೆ. ಕೈ ನಿಲುಕದ ಕಡೆ ಅದರ ಮೇಲೆ ಕೋಲಿಟ್ಟು ಹೊಡೆಯುವುದಂತೆ. ಬಾಗಿಲ ಸಂದಿಯಿಂದಲೇ ಅದನ್ನು ತೋರಿಸಿದೆ.

"ಬೇಡ. ಅದು ಕುಂಟರ ಕೋಲು. ಚೆಂಡು ಕೈಗೆ ತಿಳಿಯಲ್ಲ. ಟೇಬಲ್ ವಾಪಸ್ ಕೊಟ್ಟುಬಿಡಿ."

ಸ್ವಲ್ಪ ಹೊತ್ತು ಹಾಲ್‌ನಲ್ಲಿ ಒಬ್ಬನೇ ಅಡ್ಡಾಡಿದೆ. ಆಮೇಲೆ ಹೋಗಿ, "ನಿನ್ನ ಎಡಗೈ ಮಾಡೋ ಕೆಲಸ ಏನು? ನನಗೆ ತೋರಿಸು" ಎಂದೆ.

ಬಂದಳು. ಮುಖ ಗಂಟು ಹಾಕಿಕೊಂಡೇ ಬಂದಳು. ನನ್ನ ಎಡಗೈಯನ್ನು ಬಟ್ಟೆಯ ಮೇಲೆ ಅಂಗೈ ಕೆಳಗಾಗಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಹರಡಿ, ನಡುವನ್ನು ಉಬ್ಬಿಸಿ, ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿಸಿದಳು. ಅವೆರಡರ ನಡುವಿನ ಕಣಿವೆಯಲ್ಲಿ ಕೋಲಿಟ್ಟಳು.

"ಅಲ್ಲಾಡಬೇಡಿ."

"ಇಲ್ಲ."

"ಉಸಿರೂ ಬಿಡಬೇಡಿ."

ಮೊದಲ ಚೆಂಡು ತಪ್ಪಿತು. ಎರಡನೆಯದೂ. "ಕೈ ನಡುಗ್ತಿದೆ" ಎಂದಳು. "ನಿಂದಾ?" ಎಂದೆ. "ನಿಮ್ದು" ಎಂದಳು. ಮೂರನೆಯದು ಮೂಲೆಯ ಕುಳಿಗೆ ಹೋಗಿ ಬಿತ್ತು. ಅದು ಬಿದ್ದ ಸದ್ದಿಗೆ ಅವಳು ತಲೆ ಎತ್ತಲಿಲ್ಲ. ಅವಳ ಗಲ್ಲ ನನ್ನ ಮೊಣಕೈಯ ಪಕ್ಕದಲ್ಲಿತ್ತು. ಸ್ಕಾರ್ಫ್ ಜಾರಿತ್ತು. ತಲೆಯ ಮೇಲೆ, ಬಲಕಿವಿಯ ಹಿಂದೆ ಒಂದು ಪುಟ್ಟ ಮಚ್ಚೆ. ಅದನ್ನೂ ನಾನು ಇಷ್ಟು ವರ್ಷ ಕಂಡಿರಲಿಲ್ಲ.

ಹನ್ನೊಂದು ಚೆಂಡು ಹೊಡೆದೆವು. ನಾಲ್ಕು ಬಿದ್ದವು.

ಏಪ್ರಿಲ್ ೨, ಗುರುವಾರ

ದಿನಾ ಅರ್ಧ ಗಂಟೆ. ಅವಳು ಹೇಳಿದ ಕಡೆ ನಾನು ಕೈ ಊರುತ್ತೇನೆ. ಟೇಬಲ್ಲಿನ ಸುತ್ತ ಇಬ್ಬರೂ ಒಟ್ಟಿಗೇ ಸರಿಯಬೇಕು, ಒಟ್ಟಿಗೇ ಬಾಗಬೇಕು. ಮೊದಮೊದಲು ಕಾಲು ತುಳಿದುಕೊಳ್ಳುತ್ತಿದ್ದೆವು. ನನ್ನ ಸೊಂಟ ಹಿಡಿದುಕೊಂಡಿದೆ.

ಊಟಕ್ಕೆ ಮೇಜಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತೇವೆ. ನಿಂತು ಉಂಡರೆ ಅವಳಿಗೆ ಎರಡು ತುತ್ತು ಹೆಚ್ಚು ಸೇರುತ್ತದೆ.

ಆಫೀಸಿನ ಜೊತೆಗಾರ ಫೋನ್ ಮಾಡಿ ರಜೆ ಯಾಕೆ ಮುಂದುವರಿಸಿದೆ ಎಂದು ಕೇಳಿದ. "ಹೆಂಡತಿಗೆ ಕ್ಯಾನ್ಸರ್. ಈಗ ಆಡುತ್ತಿದ್ದಾಳೆ, ಕೈ ಕೊಡಬೇಕು" ಎಂದೆ. ಅವನಿಗೆ ಏನು ಅರ್ಥವಾಯಿತೋ ಕಾಣೆ.

ಏಪ್ರಿಲ್ ೯, ಗುರುವಾರ

ನರ್ಸ್ ಬರುವುದನ್ನು ನಿಲ್ಲಿಸಿದ್ದಾಳೆ. ವ್ಯಾಯಾಮ ಹೇಳಿಕೊಡುವವನು ಬಂದು, ಗಾಯದ ಗುರುತು ಬಿಗಿದುಕೊಂಡಿರುವುದರಿಂದ ತೋಳು ಚಾಚಲಾಗುತ್ತಿಲ್ಲ, ದಿನಾ ಎಣ್ಣೆ ಹಚ್ಚಿ ನೀವಬೇಕು ಎಂದ. ಅವನು ಹೋದ ಮೇಲೆ ಅವಳು, "ನಾನೇ ಹಚ್ಕೋತೀನಿ" ಎಂದಳು. "ನಿನ್ನ ಕೈ ಹಿಂದಕ್ಕೆ ಹೋಗಲ್ಲ" ಎಂದೆ.

ಗುರುತು ಎದೆಯಿಂದ ಕಂಕುಳ ಹಿಂದಿನವರೆಗೂ ಇದೆ. ಒಂದು ಕಡೆ ತುಸು ಗಂಟಾಗಿದೆ. ಅಲ್ಲಿ ಮೆಲ್ಲಗೆ ನೀವಬೇಕು. ಎಣ್ಣೆಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಅವಳು ಬೆಚ್ಚಿಬೀಳುವುದಿಲ್ಲ. ನಾಳೆ ಇನ್ನೂ ತೆಳ್ಳನೆಯ ಎಣ್ಣೆ ತರಬೇಕು.

ಏಪ್ರಿಲ್ ೨೧, ಮಂಗಳವಾರ

ಸ್ಕ್ಯಾನಿಂಗಿನ ರಿಪೋರ್ಟ್ ಬಂತು. "ಸದ್ಯಕ್ಕೆ ಏನೂ ಕಾಣ್ತಿಲ್ಲ" ಎಂದರು ಡಾಕ್ಟರು. ಸದ್ಯಕ್ಕೆ ಎಂಬುದನ್ನು ಒತ್ತಿಯೂ ಹೇಳಲಿಲ್ಲ, ನುಂಗಿಯೂ ಹೇಳಲಿಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ನಾನು ಏನನ್ನೂ ಕೇಳಲಿಲ್ಲ. ಅವಳೇ, "ಕೂದಲು ಮೊದಲಿನ ಹಾಗೇ ಬರುತ್ತಾ, ಗುಂಗುರಾಗುತ್ತಾ?" ಎಂದು ಕೇಳಿದಳು.

ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಜನ ದಾಟಿಕೊಂಡು ಹೋದರು. ಎಷ್ಟೋ ಹೊತ್ತಾದ ಮೇಲೆ, "ಏಳಿ, ಮನೆಗೆ ಹೋಗೋಣ" ಎಂದವಳು ಅವಳೇ.

ಮೇ ೧೭, ಭಾನುವಾರ

ಇವತ್ತು ಬೆಳಿಗ್ಗೆ ಆಟಕ್ಕೆ ನಿಂತಾಗ ಹಳದಿ ಚೆಂಡು ದೂರದ ಮೂಲೆಯಲ್ಲಿತ್ತು. ರೂಢಿಯಂತೆ ಕೈ ಊರಿ, ನಡು ಉಬ್ಬಿಸಿ, ಉಸಿರು ಹಿಡಿದೆ. ಕೋಲು ಬರಲಿಲ್ಲ.

"ಕೈ ತೆಗೀರಿ" ಎಂದಳು.

"ಅಲ್ಲಾಡಿದ್ನಾ?"

"ಇಲ್ಲ. ತೆಗೀರಿ ಅಂದೆ."

ತೆಗೆದೆ. ಅವಳು ಎಡಗೈಯನ್ನು ಬಟ್ಟೆಯ ಮೇಲಿಟ್ಟು ಮುಂದೆ ಜಾರಿಸಿದಳು. ಎಂದಿನ ಜಾಗದಲ್ಲಿ ತುಟಿ ಕಚ್ಚಿ ನಿಂತಳು. ಆಮೇಲೆ ಮತ್ತೆ ಜಾರಿಸಿದಳು. ಮೊಣಕೈ ನೆಟ್ಟಗಾಯಿತು. ಬೆರಳುಗಳು ತಾವಾಗಿಯೇ ಹರಡಿಕೊಂಡವು. ನನಗೆ ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಎದುರಿಗೆ ಹಿಡಿದುಕೊಂಡೇ ನಿಂತಿದ್ದೆ.

ಹೊಡೆದಳು. ಬಿಳಿ ಚೆಂಡು ಇಡೀ ಟೇಬಲ್ ದಾಟಿ ಹೋಗಿ ತಾಗಿತು. ಹಳದಿ ಚೆಂಡು ಕುಳಿಯ ಬಾಯಲ್ಲಿ ಒಂದು ಗಳಿಗೆ ಹೊಯ್ದಾಡಿ, ಬೀಳದೆ ನಿಂತಿತು.

"ಛೇ!" ಎಂದಳು. ಕಿಂಡಿಯ ಹಿಂದಿನ ದನಿಯಲ್ಲಿ, ಇಡೀ ಕಟ್ಟಡಕ್ಕೆ ಕೇಳುವಂತೆ. ನೆಟ್ಟಗೆ ನಿಂತು, ಕೋಲನ್ನು ನನ್ನ ಕಡೆ ಚಾಚಿದಳು.

"ಏನು?"

"ತಪ್ಪಿತಲ್ಲ. ಈಗ ನಿಮ್ಮ ಸರದಿ."

"ನನಗೆ ಬರಲ್ಲ ಕಣೇ."

"ಬರಲ್ಲ ಅಂತ ಗೊತ್ತು. ಬಗ್ಗಿ."

ಬಗ್ಗಿದೆ. ಅವಳು ಹಿಂದೆ ಬಂದು ನನ್ನ ಮೊಣಕೈ ಹಿಡಿದು, ಮೇಲಕ್ಕೆತ್ತಿ, ಇನ್ನೂ ಸ್ವಲ್ಪ ಎತ್ತಿ, ಅಲ್ಲೇ ಹಿಡಿದುಕೊಂಡಳು.